ಮಕ್ತುಂಸಾಬನ ಗಡ್ಡ ಮತ್ತು ನನ್ನ ಮೊದಲ ವಾಕ್ಯ

೧

ಎಲ್ಲಿಂದ ಶುರು ಮಾಡಲಿ ಅಂತ ಬೆಳಗಿನಿಂದ ಪೆನ್ನು ಹಿಡಿದು ಕೂತಿದ್ದೇನೆ. ತಪ್ಪು ನನ್ನದಲ್ಲ, ಗಡ್ಡದ್ದು. ಮೊದಲ ವಾಕ್ಯದಲ್ಲೇ, ನೌಕರಿಗೆ ಸೇರಿದ ದಿನ ಮಕ್ತುಂಸಾಬ ನದಾಫನ ಮುಖದ ಮೇಲೆ ಗಡ್ಡ ಇತ್ತು ಅಂತ ಬರೆದರೆ ಕಥೆಯೇ ಇಲ್ಲ. ಇರಲಿಲ್ಲ ಅಂತ ಬರೆದರೆ ಅವನ ನೌಕರಿ ಉಳಿಯೋದಿಲ್ಲ. ನಗಬೇಡಿ, ಹೇಳ್ತೀನಿ.

ಮಕ್ತುಂ ನಮ್ಮ ಗದಗ ಕಡೆಯವನು. ಇಲ್ಲಿ ನಾಗಪುರದ ಕಾಮಠಿ ರಸ್ತೆಯ ಒಂದು ಡಿಪೋದಲ್ಲಿ ಸ್ಟೋರ್ಸ್ ನೋಡಿಕೊಳ್ಳುವ ಯೂನಿಫಾರ್ಮಿನ ನೌಕರ. (ಯಾವ ಇಲಾಖೆ ಅಂತ ಕೇಳಬೇಡಿ. ನನ್ನ ಯಜಮಾನರು ಶ್ರೀಕಾಂತ ಕೇಂದ್ರ ಸರಕಾರದವರು. "ಏನರೆ ಬರಕೋ ನಮ್ಮವ್ವಾ, ಇಲಾಖೆ ಹೆಸರ ಮಾತ್ರ ಬ್ಯಾಡ" ಅಂತ ಕೈ ಮುಗಿದಿದ್ದಾರೆ.) ಆ ಇಲಾಖೆಯಲ್ಲಿ ಒಂದು ರೂಲು. ಸೇರುವ ದಿನ ಗಡ್ಡ ಇದ್ದ ಮುಸ್ಲಿಮರು ಅದನ್ನು ಇಟ್ಟುಕೊಳ್ಳಬಹುದು, ನಡುವೆ ಬಿಟ್ಟವರು ತೆಗೆಸಬೇಕು. ಮಕ್ತುಂ ಹೋದ ರಮಜಾನಿನಲ್ಲಿ ಬಿಟ್ಟ. ಪರ್ಮಿಷನ್ನಿಗೆ ಅರ್ಜಿ ಹಾಕಿದ. ಅರ್ಜಿ ಮೇಲೆ ಹೋಗಿ, ಅಲ್ಲಿ ನಿದ್ದೆ ಮಾಡಿ, ಕೆಳಗೆ ಬಂತು. ಸೋಮವಾರ ಬೋಳಿಸಿಕೊಂಡು ಬಾ, ಇಲ್ಲವಾದರೆ ನೌಕರಿ ಬಿಟ್ಟು ನಡೆ ಅಂತ ಆರ್ಡರು.

ಇವತ್ತು ಭಾನುವಾರ. ೨೦೦೪ರ ಮೇ ತಿಂಗಳು, ನಾಗಪುರ. ಕೂಲರು ಬುಸುಗುಡುತ್ತಿದೆ, ಗಾಳಿ ಮಾತ್ರ ಬಿಸಿ.

೨

ಮೊದಲ ಡ್ರಾಫ್ಟ್: "ದೂರದ ಮಸೀದಿಯಿಂದ ಬಾಂಗು ಕೇಳಿಸಿತು. ಮಕ್ತುಂಸಾಬನ ಕಣ್ಣು ತುಂಬಿ ಬಂತು."

"ನನಗ ಯಾವಾಗ ಕಣ್ಣ ತುಂಬಿತ್ತರಿ ಅಕ್ಕಾರ?"

ನೋಡಿ, ಬಂದೇ ಬಿಟ್ಟ. ರಾಮದಾಸಪೇಠದ ನನ್ನ ಮನೆಯ ಟೇಬಲ್ಲಿನ ಎದುರಿಗೆ, ಕೂಲರಿನ ಗಾಳಿಗೆ ಮುಖ ಕೊಟ್ಟು ಕೂತಿದ್ದಾನೆ. ಪಾತ್ರಗಳಿಗೆ ಸಲಿಗೆ ಕೊಟ್ಟರೆ ಹೀಗೇ.

"ಬಾಂಗ್ ಕೇಳಿದ್ರ ನಾ ವಾಚ್ ನೋಡ್ಕೋತೀನ್ರಿ. ಡ್ಯೂಟಿ ಬಸ್ಸು ತಪ್ಪತೈತಲ್ಲ," ಅಂದ.

ಆ ಸಾಲು ಹೊಡೆದು ಹಾಕಿದೆ.

೨ (ಇನ್ನೊಮ್ಮೆ)

ನಮ್ಮ ಕನ್ನಡ ಸಂಘದವರಿಗೆ ಮಕ್ತುಂ ಅಂದರೆ ಜೀವ. ಯುಗಾದಿ ಕಾರ್ಯಕ್ರಮಕ್ಕೆ ಕುರ್ಚಿ ಹಾಕೋದರಿಂದ ಹಿಡಿದು ಮೈಕ್ ಟೆಸ್ಟಿಂಗ್ ತನಕ ಅವನೇ. "ನೋಡಿದ್ರ ಗೊತ್ತೇ ಆಗಂಗಿಲ್ಲ ನೋಡ್ರಿ" ಅಂತ ಅನಸೂಯಾಬಾಯಿ ಎಲ್ಲರೆದುರಿಗೆ ಹೊಗಳ್ತಿದ್ದರು. ಏನು ಗೊತ್ತಾಗಂಗಿಲ್ಲ ಅಂತ ಯಾರೂ ಕೇಳಲಿಲ್ಲ, ಎಲ್ಲರೂ ಬರೋಬರ್ ಅಂತ ತಲೆ ಆಡಿಸಿದೆವು. ಅವನೂ ನಗ್ತಿದ್ದ. ಗಡ್ಡ ಬಂದ ಮೇಲೆ ಅದೇ ಅನಸೂಯಾಬಾಯಿ, "ಯಾಕಪಾ ಮಕ್ತುಂ, ಛಲೋ ಇದ್ದೆಲ್ಲೋ!" ಅಂದರು. ಜ್ವರ ಬಂದವರನ್ನು ಮಾತಾಡಿಸುವ ದನಿ.

ಓದುಗರೇ, ನಿಮ್ಮ ಸಂಘದಲ್ಲಿ ಹೀಗೆ ಯಾರೂ ಅನ್ನೋದಿಲ್ಲ, ಗೊತ್ತು. ನಿಮ್ಮ ಸಂಘಕ್ಕೆ ಮಕ್ತುಂ ಬರ್ತಾನಾ ಅಂತ ಮಾತ್ರ ಒಮ್ಮೆ ನೋಡಿಕೊಳ್ಳಿ.

೪

(ಮೂರನೆಯದರಲ್ಲಿ ಒಂದು ಗಲಭೆ ತಂದಿದ್ದೆ. ಗಡ್ಡಕ್ಕೆ ಒಂದು ಕಾರಣ ಬೇಕಿತ್ತು. ಮಕ್ತುಂ ಹಾಳೆ ಕಿತ್ತುಕೊಂಡು ಮಡಚಿ ಬೀಸಣಿಗೆ ಮಾಡಿಕೊಂಡ.)

"ಹಂಗಾರ ಗಡ್ಡ ಯಾಕ ಬಿಟ್ಟಿ?" ಕೇಳಿದೆ. "ಅಪ್ಪ ತೀರಿಕೊಂಡ್ರಾ? ಮೌಲ್ವಿಗಳು ಏನರೆ ಹೇಳಿದ್ರಾ? ಯಾರರೆ ಅವಮಾನ ಮಾಡಿದ್ರಾ?"

"ಅಪ್ಪ ಗಟ್ಟಿಮುಟ್ಟ ಅದಾರ್ರಿ. ರೋಜಾ ಹಿಡದಿದ್ದೆ. ಪೈಗಂಬರರು ಬಿಟ್ಟಿದ್ರು, ನಾನೂ ಬಿಡೋಣ ಅನ್ನಿಸ್ತು. ಬಿಟ್ಟೆ. ಸಮಾಧಾನ ಆತು."

"ಅಷ್ಟ?"

"ಅಷ್ಟ ಅಂದ್ರ?"

"ಅಷ್ಟು ಸಾಲೂದಿಲ್ಲೋ, ಮಕ್ತುಂ."

"ಕಥೀಗಿ ಸಾಲೂದಿಲ್ಲೋ, ಆಫೀಸಿಗಿ ಸಾಲೂದಿಲ್ಲೋ ಅಕ್ಕಾರ?" ಅಂತ ನಕ್ಕ. "ಸಾಹೇಬ್ರೂ ಹಿಂಗ ಕೇಳಿದ್ರು. ಶ್ರೀಕಾಂತ ಸರ್ ಜನಿವಾರ ಯಾಕ ಹಾಕ್ಕೊಂಡಾರ ಅಂತ ನೀವು ಯಾವಾಗರೆ ಕೇಳೀರೇನು?"

ಕೇಳಿಲ್ಲ. ಆಫೀಸ್ ಕ್ಯಾಂಟೀನಿನಲ್ಲಿ ಆಮ್ಲೆಟ್ ತಿನ್ನುವಾಗ ಅದನ್ನು ಏನು ಮಾಡ್ತೀರಿ ಅಂತ ಮಾತ್ರ ಕೇಳಿದ್ದೇನೆ.

೫

ಸಾಹೇಬ್ರು ಅಂದರೆ ಉತ್ತಪ್ಪ, ಕೊಡಗಿನವರು. ಮೀಸೆಗೆ ಬೇರೆ ಬಾಚಣಿಗೆ ಇಟ್ಟುಕೊಂಡ ಮನುಷ್ಯ. ಒಳ್ಳೆಯವರು, ಅದೇ ನನಗೆ ಕಷ್ಟ. ಕೆಟ್ಟವರಾಗಿದ್ದರೆ ಕಥೆ ಜಲ್ದಿ ಮುಗೀತಿತ್ತು. ಶುಕ್ರವಾರ ಅವರ ಕೋಣೆಯಲ್ಲಿ ಆದ ಮಾತು:

"ನೋಡು ಮಕ್ತುಂ, ಪರ್ಸನಲಿ ನಂಗೇನೂ ಇಲ್ಲ. ಆದ್ರೆ ನಿಮ್ಮ ಧರ್ಮದಲ್ಲಿ ಗಡ್ಡ ಕಂಪಲ್ಸರಿ ಅಲ್ವಂತೆ. ಆಪ್ಷನಲ್ ಅಂತೆ."

"ಯಾರು ಹೇಳಿದ್ರು ಸರ್?"

"ಮೇಲಿಂದ ಬಂದಿದೆ."

"ಎಷ್ಟ ಮ್ಯಾಲಿಂದ ಸರ್?"

ಉತ್ತಪ್ಪನವರಿಗೆ ನಗು ಬಂತು, ಮೀಸೆಯೊಳಗೆ ತುರುಕಿಕೊಂಡರು.

"ನಮ್ಮ ಗುರುಮೀತಸಿಂಗನ ಗಡ್ಡ ಸರ್?"

"ಸರ್ದಾರ್ಜಿಗಳ ರೂಲೇ ಬೇರೆ."

"ನಿಮ್ಮ ಮೀಸಿ ಕಂಪಲ್ಸರಿ ಏನ್ರಿ ಸರ್?"

"ಮೀಸೆಗೆ ಪರ್ಮಿಷನ್ ಇದೆ ಕಣಯ್ಯ!" ಅಂದವರು ಆಮೇಲೆ ದನಿ ಇಳಿಸಿದರು. "ಸೋಮವಾರ ನಾನು ಕಣ್ಣಾರೆ ನೋಡಿ ರಿಪೋರ್ಟ್ ಬರೀಬೇಕು. ನೋಡ್ದೇ ಇರೋ ಥರ ಇರೋಕಾಗಲ್ಲ. ಮಕ್ಕಳ ಮುಖ ನೋಡಪ್ಪ. ಕ್ವಾರ್ಟರ್ಸೂ ಖಾಲಿ ಮಾಡ್ಬೇಕಾಗತ್ತೆ."

೬

ಒಂದು ಉಪಾಯ ಹೊಳೀತು. ಲೇಖಕಿ ಯಾರು? ನಾನು! ಕಥೆಯ ಮೊದಲ ವಾಕ್ಯಕ್ಕೆ ಹಿಂದಿರುಗಿ, ನೌಕರಿಗೆ ಸೇರುವ ದಿನವೇ ಮಕ್ತುಂನ ಮುಖಕ್ಕೆ ಗಡ್ಡ ಹಚ್ಚಿಬಿಡ್ತೀನಿ. ರೂಲು ಗಪ್‌ಚಿಪ್.

ಮಕ್ತುಂ ಹೊಟ್ಟೆ ಹಿಡಿದುಕೊಂಡು ನಕ್ಕ. "ಆವಾಗ ನನಗ ಹತ್ತೊಂಬತ್ತರಿ ಅಕ್ಕಾರ. ಮೀಸೀನೂ ಸರಿ ಬಂದಿದ್ದಿಲ್ಲ. ಗಡ್ಡ ಹಚ್ಚಿದ್ರ ನಾಟಕದ ಋಷಿ ಕಂಡಂಗ ಕಾಣ್ತೀನಿ." ನಕ್ಕು ಸಾಕಾದ ಮೇಲೆ ಬೀಸಣಿಗೆ ಕೆಳಗಿಟ್ಟ. "ಮತ್ತ ಆವಾಗ ಇದ್ರ ಖರೇ, ಈಗ ಬಿಟ್ರ ಸುಳ್ಳು ಅಂತ ನೀವೂ ಒಪ್ಪಿದಂಗ ಆತಲ್ಲರಿ? ಮನಶ್ಯಾಗ ದೇವರ ನೆನಪು ನೌಕರಿಗಿ ಸೇರೂ ದಿನಾನ ಆಗಬೇಕೇನು? ಆಮ್ಯಾಗ ಆಗಬಾರದಾ?"

ನನಗೆ ನಾಚಿಕೆಯಾಯಿತು. ಇರಲಿ, ಮುಂದೆ.

೭

ಮುಕ್ತಾಯಗಳು, ಬೇಕಾದ್ದು ಆರಿಸಿಕೊಳ್ಳಿ:

ಅ) ಸಿವಿಲ್ ಲೈನ್ಸಿನ ಕೋರ್ಟಿನಲ್ಲಿ ಮಕ್ತುಂ ಗೆಲ್ಲುತ್ತಾನೆ. ("ಯಾವ ವರ್ಷದಾಗರಿ? ಅಲ್ಲೀತನಕ ಗಡ್ಡ ಬೆಳ್ಳಗ ಆಗಿರ್ತೈತಿ," ಅಂದ.)

ಆ) ಕನ್ನಡಿ ಮುಂದೆ ನಿಂತು ಬ್ಲೇಡು ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಾ ಬೋಳಿಸಿಕೊಳ್ಳುತ್ತಾನೆ. (ಇದಕ್ಕೆ ಅವನ ಹೆಂಡತಿ ಜೈತುನಬಿಯೇ ಎದ್ದು ಬಂದಳು. "ನಮ್ಮವರು ಅತ್ತರ ನಿಮ್ಮ ಕಥಿ ಛಲೋ ಆಗ್ತೈತೇನ್ರಿ ಅಕ್ಕಾರ?")

ಇ) ಉತ್ತಪ್ಪನವರು ಸ್ನೇಹಕ್ಕಾಗಿ ತಮ್ಮ ಮೀಸೆ ತೆಗೆಸುತ್ತಾರೆ. ("ಸಾಧ್ಯವೇ ಇಲ್ಲ ಮೇಡಂ!" ಅಂತ ಕಾಮಠಿ ಕಡೆಯಿಂದ ಕೂಗು ಕೇಳಿಸಿತು. ಮಕ್ತುಂಗೂ ಸೇರಲಿಲ್ಲ. "ಬ್ಯಾಡ್ರಿ, ಸಾಹೇಬ್ರ ಮಾರಿ ನೋಡಾಕ ಆಗೂದಿಲ್ಲ.")

೮

ಕೊನೆಗೆ ನಿರ್ಧಾರ ಮಾಡಿದೆ: ಸೋಮವಾರ ಬರೆಯೋದೇ ಇಲ್ಲ. ಭಾನುವಾರಕ್ಕೇ ನಿಲ್ಲಿಸಿಬಿಡೋದು. ಈಗಿನ ಕಥೆಗಳಲ್ಲಿ ಅದೇ ಫ್ಯಾಷನ್. ಓಪನ್ ಎಂಡಿಂಗ್ ಅಂದರೆ ವಿಮರ್ಶಕರಿಗೂ ಖುಷಿ, ಮಕ್ತುಂನ ಗಡ್ಡಕ್ಕೂ ಕ್ಷೇಮ, ನೌಕರಿಗೂ ಕ್ಷೇಮ. ಪೆನ್ನಿನ ಮುಚ್ಚಳ ಹಾಕಿದೆ.

ಮಕ್ತುಂನ ಪಕ್ಕ ಕೂತಿದ್ದ ಜೈತುನಬಿ ಏಳಲಿಲ್ಲ.

"ನೀವು ಮುಚ್ಚಿಟ್ಟು ಊಟಕ್ಕ ಏಳ್ತೀರಿ," ಅಂದಳು. "ನಮ್ಮನ್ಯಾಗ ಶುಕ್ರವಾರದಿಂದ ಯಾರೂ ಸರಿ ಉಂಡಿಲ್ಲ. ಸಾಮಾನ ಕಟ್ಟಬೇಕೋ ಬ್ಯಾಡೋ ಅಂತ ಮಕ್ಕಳು ಕೇಳ್ತಾವು. ಭಾನುವಾರದಾಗ ನಮ್ಮನ್ನ ಕುಂಡ್ರಿಸಿ ಹೋಗಬ್ಯಾಡ್ರಿ. ಬರಲಿ ಸೋಮವಾರ."

"ಏನು ಮಾಡ್ತಾನಂತ?"

"ಅವರನ್ನ ಕೇಳ್ರಿ."

ಮಕ್ತುಂ ಗಡ್ಡದ ಮೇಲೆ ಕೈಯಾಡಿಸಿಕೊಂಡ. "ತೆಗ್ಯಾಂಗಿಲ್ಲರಿ," ಅಂದ. ಜೋರಾಗಿ ಅನ್ನಲಿಲ್ಲ. ತೆಗಿ ಅಂತ ಹೇಳೋಣ ಅನ್ನಿಸಿತು. ಪೆನ್ನಿನ ಮುಚ್ಚಳ ತೆಗೆದೆ.

ಸೋಮವಾರ ಬೆಳಗ್ಗೆ. ಇಸ್ತ್ರಿ ಮಾಡಿದ ಯೂನಿಫಾರ್ಮು, ಪಾಲಿಶ್ ಹಾಕಿದ ಬೂಟು, ನೀಟಾಗಿ ಬಾಚಿದ ಗಡ್ಡ. ಬಾಗಿಲಲ್ಲಿ ನಿಂತು ಜೈತುನಬಿ ಅವನ ಕಾಲರ್ ಸರಿ ಮಾಡಿದಳು. ಡ್ಯೂಟಿ ಬಸ್ಸಿನಲ್ಲಿ ಪಕ್ಕದ ಸೀಟಿನವ ಜಾಗ ಬಿಟ್ಟು ಕೂತನೋ, ಕೈ ಹಿಡಿದನೋ, ನಾನು ನೋಡಲಿಲ್ಲ. ನನ್ನ ಕಣ್ಣು ಡಿಪೋದ ಕಡೆ ಇತ್ತು. ಮಕ್ತುಂ ಕಾರಿಡಾರ್ ದಾಟಿ ಉತ್ತಪ್ಪನವರ ಕೋಣೆ ಮುಂದೆ ಬಂದು ನಿಂತ.

"ಇಲ್ಲಿಗೆ ನಿಲ್ಲಿಸ್ತೀನೋ, ಮಕ್ತುಂ," ಅಂದೆ. "ಬಾಗಿಲ ಹೊರಗ. ಇದರ ಮುಂದ ನನ್ನ ಕೈಲೆ ಆಗೂದಿಲ್ಲ."

"ನಿಲ್ಲಸ್ರಿ ಅಕ್ಕಾರ. ನಿಮಗ ನಿಲ್ಲಸಾಕ ಬರ್ತೈತಿ," ಅಂತ ಟೊಪ್ಪಿಗೆ ಸರಿ ಮಾಡಿಕೊಂಡ. "ನಾ ಒಳಗ ಹೋಗ್ತೀನಿ."

ನಾನು ಬರೆಯುವ ಮೊದಲೇ ಬಾಗಿಲು ಬಡಿದ.

"ಕಮ್ ಇನ್," ಅಂದರು ಉತ್ತಪ್ಪ.