ನಾಳೆ ಹೇಳುವ ಮಹದೇವು

ಕೇಳಿದ ದಿನವೇ ಮಹದೇವುವಿನಿಂದ ಉತ್ತರ ಪಡೆದವರು ಹಿನಕಲ್ ಹಳ್ಳಿಯಲ್ಲಿ ಯಾರೂ ಇರಲಿಲ್ಲ. ಊಟ ಹೇಗಿತ್ತೆಂದು ಕೇಳಿದರೂ, ಬಲಗೈಯನ್ನು ಕೋಟಿನ ಜೇಬಿನೊಳಗೆ ಇನ್ನಷ್ಟು ಇಳಿಬಿಟ್ಟು, ತಲೆಯನ್ನು ತುಸು ವಾಲಿಸಿ, "ನಾಳೆ ಹೇಳ್ತೀನಿ" ಅನ್ನುವನು.

ಉತ್ತರಿಸುವಾಗ ಆ ಕೈ ಜೇಬು ಬಿಟ್ಟು ಬಾರದಿರುವುದಕ್ಕೂ ಈ ಮಾತಿಗೂ ಮೂಲ ಒಂದೇ. ದೇವರಾಜ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಕಾಳಯ್ಯನೆಂಬುವನು ಶಾಯಿ ತಯಾರಿಸುತ್ತಿದ್ದ. ಕಾಲೇಜು ಮುಗಿಸಿ ಸಂಜೆ ಅಲ್ಲಿ ದುಡಿಯುತ್ತಿದ್ದ ಮಹದೇವುವಿನ ಬೆರಳುಗಳು ಗೆಣ್ಣಿನವರೆಗೂ ನೀಲಿಗಪ್ಪಾಗಿದ್ದವು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಉಪ್ಪು ಬೆರೆಸಿದ ಆ ಶಾಯಿ ಕಾಗದದ ಮೇಲೆ ಎಳೆದಾಗ ತಿಳಿಯಾಗಿದ್ದು, ಇರುಳೆಲ್ಲ ಗಾಳಿ ಕುಡಿದು ಕಪ್ಪೇರುವುದು. ಹಂಡೆಯ ಪಾಕ ಹದವೋ ಅಲ್ಲವೋ ಮರುಬೆಳಿಗ್ಗೆಯೇ ಗೊತ್ತಾಗಬೇಕು. ಬೆರಳಿಗೆ ಬಣ್ಣ ಹತ್ತಿದ ಹಾಗೆ ನಾಲಿಗೆಗೆ ಆ ಕಾಯುವಿಕೆ ಹತ್ತಿತ್ತು.

ಸಾವಿರದ ಒಂಬೈನೂರ ಐವತ್ತೈದರಲ್ಲಿ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಪಾಸಾದಾಗ ದೊಡ್ಡದೊಂದು ಕಂಪನಿಯಿಂದ ಕರೆ ಬಂತು. ತಾಯಿ ದೇವಿರಮ್ಮ ಗಂಡ ತೀರಿಹೋದಂದಿನಿಂದ ಮೊಸರಿನ ಗಡಿಗೆ ಹೊತ್ತು ಹಿನಕಲ್ಲಿನಿಂದ ಮಾರುಕಟ್ಟೆಗೆ ನಡೆದವಳು. ಕತ್ತು ಭುಜದೊಳಕ್ಕೆ ಕುಸಿದಂತಿತ್ತು.

"ಕಂಪ್ನಿ ಸೇರ್ಕೊಳ್ಳಪ್ಪ, ನನ್ ಕತ್ತು ಒಸಿ ನೆಟ್ಟಗಾಗ್ಲಿ" ಎಂದು ಅವಳು ನಕ್ಕಳು. ಅದು ನಗುವಲ್ಲವೆಂದು ಮಗನಿಗೆ ಗೊತ್ತಿತ್ತು.

ಕಾಳಯ್ಯನೂ ತನ್ನಲ್ಲೇ ಪೂರ್ತಿ ಕೆಲಸಕ್ಕೆ ನಿಲ್ಲೆಂದು ಕರೆದಿದ್ದ. "ಎಷ್ಟು ಕೊಡಕ್ಕಾಯ್ತದೋ ನಂಗೇ ತಿಳೀದು. ಆದ್ರೆ ಬೆಳಿಗ್ಗೆ ಗೆರೆ ನೋಡಿ ನೀನು ಹೂಂ ಅನ್ನೋಗಂಟ ಒಂದು ಬಾಟ್ಲೀನೂ ತುಂಬಕ್ಕಿಲ್ಲ ಕಣಪ್ಪ."

ಸಂದರ್ಶನ ಮಾಡಿದ ಕಂಪನಿಯ ಅಧಿಕಾರಿ ಒಳ್ಳೆಯವರೇ. "ಕೆಲಸ ನಿನ್ನದೇ. ಸೋಮವಾರ ಬರ್ತೀಯಾ?"

"ನಾಳೆ ಹೇಳ್ತೀನಿ ಸಾರ್."

"ಹೊರಗೆ ಬೆಂಚಿನ ತುಂಬ ಜನ ಕಾದಿದ್ದಾರಪ್ಪ. ಇಲ್ಲಿ ನಾಳೆ ಅನ್ನೋದಿಲ್ಲ."

ಮಹದೇವು ತಲೆ ವಾಲಿಸಿ ನಿಂತೇ ಇದ್ದ. ಮುಂದಿನ ಸರದಿ ಅವನ ಸಹಪಾಠಿ ಸುಂದರೇಶನದು. ಅವನು ಕುರ್ಚಿಯಲ್ಲಿ ಕೂರುವ ಮೊದಲೇ ಹೂಂ ಅಂದ.

ಮರುಬೆಳಿಗ್ಗೆ ಮಹದೇವು ಓಣಿಗೆ ಬಂದು, ಹಿಂದಿನ ಸಂಜೆ ತಾನು ಕಾಗದದ ಮೇಲೆ ಎಳೆದಿಟ್ಟಿದ್ದ ಶಾಯಿಯ ಗೆರೆಯನ್ನು ಬೆಳಕಿಗೆ ಹಿಡಿದ. ಬಾಟಲಿಯ ಬಾಯಿಗೆ ಲಾಳಿಕೆ ಹಿಡಿದ ಕಾಳಯ್ಯ ಕಾಗದವನ್ನು ನೋಡುತ್ತಿರಲಿಲ್ಲ; ಅವನ ಮುಖವನ್ನೇ ನೋಡುತ್ತಿದ್ದ. "ಹೂಂ" ಎಂದ ಮಹದೇವು. ಕೋಟಿನ ಗುಂಡಿ ಹಾಕಿಕೊಂಡು ಕಂಪನಿಯ ಕಡೆಗೆ ಹೊರಟ.

ಸುಂದರೇಶನಿಗೆ ಕೆಲಸ ಸಿಕ್ಕ ಸುದ್ದಿ ಆಗಲೇ ಮಾರುಕಟ್ಟೆಗೆಲ್ಲ ಹಬ್ಬಿತ್ತು. ಮಾರುಕಟ್ಟೆಯ ಬಾಗಿಲಲ್ಲಿ ಮೊಸರು ಅಳೆಯುತ್ತಿದ್ದ ದೇವಿರಮ್ಮ ಮಗನನ್ನು ತಡೆದಳು.

"ಇನ್ಯಾತಕ್ಕೆ ಅಲ್ಲಿಗೆ ಓಯ್ತಿದ್ದೀಯೆ?"

"ಇವತ್ತು ಹೇಳ್ತೀನಿ ಅಂದಿದ್ದೆ ಕಣವ್ವ."

"ಏನಂತ?"

"ಬರಕ್ಕಿಲ್ಲ ಅಂತ."

"ಇಲ್ದಿರೋ ಕೆಲ್ಸನ ಬ್ಯಾಡ ಅನ್ನಕ್ಕೆ ಕೋಟು ಬೇರೆ ಕೇಡು!" ಅವಳು ಮುಖ ತಿರುಗಿಸಿ ಮುಂದಿನ ಗಿರಾಕಿಗೆ ಮೊಸರು ಹೊಯ್ದಳು. ಅಳತೆ ಮೀರಿ ಒಂದಿಷ್ಟು ನೆಲಕ್ಕೆ ಚೆಲ್ಲಿತು.

ಆ ವಾರವೇ ಮಹದೇವು ಕಾಳಯ್ಯನ ಸೈಕಲ್ಲು ಕೇಳಿ ತಂದು ಗಡಿಗೆಯನ್ನು ಕ್ಯಾರಿಯರಿಗೆ ಕಟ್ಟಿದ. ಕೋಟು ತೊಟ್ಟು ಮೊಸರಿನ ಸೈಕಲ್ಲು ತಳ್ಳಿಕೊಂಡು ಬರುವವನನ್ನು ಜನ "ಮೊಸರು ಬಿ.ಎಸ್ಸಿ." ಎಂದರು. ದೇವಿರಮ್ಮ ಬರಿಗೈಯಲ್ಲಿ ಪಕ್ಕದಲ್ಲಿ ನಡೆದಳು. ಗಡಿಗೆ ಹೊರಲು ತಲೆಯ ಮೇಲಿಟ್ಟ ಬಟ್ಟೆಯ ಸಿಂಬಿಯನ್ನು ಮಾತ್ರ ತೆಗೆಯಲಿಲ್ಲ, ಕತ್ತೂ ನೆಟ್ಟಗಾಗಲಿಲ್ಲ.

ಎಷ್ಟೋ ವರ್ಷದ ಮೇಲೆ, ಕಂಪನಿ ಕೊಟ್ಟ ಮನೆಯಲ್ಲಿದ್ದ ಸುಂದರೇಶ ಮಾರುಕಟ್ಟೆಯಲ್ಲಿ ಸಿಕ್ಕಿ ಕೇಳಿದ: "ಕಂಪ್ನಿಗೇ ಬಂದಿದ್ರೆ ಚೆನ್ನಾಗಿತ್ತು ಅಂತ ಯಾವತ್ತಾದ್ರೂ ಅನ್ನಿಸಿದೆಯೇನೋ?"

ಮಹದೇವು ಪಕ್ಕದಲ್ಲಿದ್ದ ತಾಯಿಯ ಕತ್ತಿನ ಕಡೆ ನೋಡಿದ. "ನಾಳೆ ಹೇಳ್ತೀನಿ ಕಣೋ."

ಸುಂದರೇಶ ನಕ್ಕ. ಮಹದೇವು ನಗಲಿಲ್ಲ.

ಕೇಳಿದೊಡನೆ ಹೂಂ ಅನ್ನಬಲ್ಲವರಿಂದ ದೊಡ್ಡ ಕಾರ್ಖಾನೆಗಳು ನಡೆಯುತ್ತವೆ, ಅದರಲ್ಲಿ ತಪ್ಪೇನಿಲ್ಲ. ಇನ್ನು ಕೆಲವರು ತಮ್ಮ "ನಾಳೆ"ಗಾಗಿ ಕಾಯುವ ಕಾಳಯ್ಯನಂಥ ಒಬ್ಬನಿರುವ ಕಡೆ ಮಾತ್ರ ಬಾಳಬಲ್ಲರು. ಅದರ ಭಾರ ತಮಗಿಂತ ಹೆಚ್ಚಾಗಿ ತಮ್ಮ ಪಕ್ಕದಲ್ಲಿ ನಡೆಯುವವರ ಮೇಲೆ ಬೀಳುವುದೆಂದು ಅವರು ಅರಿಯದವರಲ್ಲ. ಅರಿತೇ ಅವರು ಗಡಿಗೆ ತುಳುಕದ ಹಾಗೆ, ಮುದುಕಿಯ ಹೆಜ್ಜೆಗೆ ಹೆಜ್ಜೆ ಕೂಡಿಸಿ, ಸೈಕಲ್ಲನ್ನು ಹತ್ತದೆ ತಳ್ಳಿಕೊಂಡೇ ಹೋಗುತ್ತಾರೆ.