ತಾಳೆಯಾಗದ ಹಕ್ಕಿ

ರೇಡಿಯೊ ಕಟ್ಟಡದ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗೆ ತಲೆ ತಗ್ಗಿಸಿಯೇ ನುಗ್ಗಬೇಕಾದ ದನಿಭಂಡಾರದಲ್ಲಿ, ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಪಟ್ಟಿ ಮೇಡಂ. ಬೀಗದಕೈಗಳಿಗೊಂದು ಪಟ್ಟಿ, ಕೆಟ್ಟುಹೋದ ಟ್ಯೂಬ್‌ಲೈಟುಗಳಿಗೊಂದು ಪಟ್ಟಿ, ಯಾವ ಪಟ್ಟಿ ಯಾವ ಡ್ರಾಯರಿನಲ್ಲಿದೆ ಎಂಬುದಕ್ಕೆ ಮತ್ತೊಂದು ಪಟ್ಟಿ. "ನಮ್ಮ ಹುಡುಗಿ ಪಟ್ಟು ಬಿಟ್ರೂ ಪಟ್ಟಿ ಬಿಡಲ್ಲ" ಎಂದು ಅವಳ ಸೋದರಮಾವ ಊರೆಲ್ಲ ಹೇಳಿಕೊಂಡು ಬಂದಿದ್ದರು.

ಆ ಗುರುವಾರ ಬೆಳಿಗ್ಗೆ ಅವಳ ಮುಂದಿದ್ದದ್ದು ಎಲ್ಲ ಪಟ್ಟಿಗಳ ತಾಯಿ. ನಾನೂರ ಹನ್ನೆರಡು ಹಕ್ಕಿಗಳ ಕೂಗು. ಹಳೆಯ ಟೇಪುಗಳಿಂದ ಆರು ವರ್ಷದ ಹಿಂದೆ ಕಂಪ್ಯೂಟರಿಗೆ ಇಳಿಸಿದ್ದು. ಇಳಿಸಿದ ದಿನವೇ ಒಂದೊಂದು ಫೈಲಿಗೂ ಒಂದೊಂದು ಗುರುತಿನ ಸಾಲು ತೆಗೆದು, ಬರೆದು, ಮುದ್ರಿಸಿ, ರುಜು ಹಾಕಿಸಿ ಇಟ್ಟಿದ್ದಳು. ಫೈಲು ಎಷ್ಟೇ ದೊಡ್ಡದಿರಲಿ, ಪೂರ್ತಿ ನುಣ್ಣಗೆ ಅರೆದು ಅರವತ್ತನಾಲ್ಕು ಅಕ್ಷರಗಳ ಒಂದು ಸಾಲು ಹಿಂಡಿಕೊಡುವ ಪುಟ್ಟ ಕಮಾಂಡೊಂದು ಅವಳ ಬಳಿ ಇತ್ತು. ಒಳಗೆ ಸಾಸಿವೆಯಷ್ಟು ಅತ್ತಿತ್ತಾದರೂ ಸಾಲು ಗುರುತೇ ಸಿಗದಷ್ಟು ಬದಲಾಗುತ್ತದೆ. ಇವತ್ತು ಮಧ್ಯಾಹ್ನ ಹಕ್ಕಿ ಅಧ್ಯಯನ ಕೇಂದ್ರದ ಪ್ರೊಫೆಸರಮ್ಮ ಬಂದು ಅಷ್ಟನ್ನೂ ಒಯ್ಯುವವರಿದ್ದರು. ಅವರದು ಒಂದೇ ಕರಾರು: ಸಾಲು ತಾಳೆಯಾದ ಫೈಲು ಒಳಗೆ, ಆಗದ ಫೈಲು ಹೊರಗೆ.

ಕಪ್ಪು ಪರದೆಯ ಮೇಲೆ ಅವಳು ಟೈಪ್ ಮಾಡಿದಳು:

sha256sum -c patti.txt

ಎಂಟರ್ ಒತ್ತಿ ಕುರ್ಚಿಗೆ ಒರಗಿದಳು. OK, OK, OK ಎಂದು ಸಾಲುಗಳು ಜಡಿಮಳೆಯಂತೆ ಉದುರಿದವು. ಪಕ್ಕದಲ್ಲಿ ಟೀ ಹೀರುತ್ತಿದ್ದ ಹೆಡ್‌ಫೋನು "ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ" ಎಂದು ರೈಲು ನಿಲ್ದಾಣದ ಹೆಂಗಸಿನ ದನಿಯಲ್ಲಿ ತಾಳ ಹಾಕುತ್ತಿದ್ದ. ಹೆಡ್‌ಫೋನು ಅಂದರೆ ಅಲ್ಲಿನ ಎಂಜಿನಿಯರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಆತನ ಕತ್ತಿನಲ್ಲಿ ಆ ಉಪಕರಣ ಇಲ್ಲದ್ದನ್ನು ಅವನ ಹೆಂಡತಿ ಮಾತ್ರ ನೋಡಿದ್ದಳು, ಅದೂ ಅನುಮಾನವೇ.

ಇನ್ನೂರ ಎಂಬತ್ತೇಳನೆಯ ಸಾಲಿನ ಕೊನೆಗೆ FAILED ಎಂದಿತ್ತು.

ಹೆಡ್‌ಫೋನು ಟೀ ಲೋಟ ಕೆಳಗಿಟ್ಟ. "ಯಾವುದದು?"

"ಬೂದುಗೊರಳು" ಎಂದಳು ಅವಳು. ಬೂದುಗೊರಳನ್ನು ಯಾರಾದರೂ ಕಂಡು ಮೂವತ್ತು ವರ್ಷ ದಾಟಿತ್ತು. ಅದರ ಕೂಗು ಭೂಮಿಯ ಮೇಲೆ ಉಳಿದಿದ್ದದ್ದು ಈ ಒಂದೇ ಫೈಲಿನಲ್ಲಿ. ಮೂಲ ಟೇಪು ಇಳಿಸುವಾಗಲೇ ಅಂಟಂಟಾಗಿ ಪುಡಿಯಾಗಿತ್ತು, ಬೇರೆ ಪ್ರತಿ ಇದ್ದ ಡಿಸ್ಕು ಹೋದ ವರ್ಷ ಕಣ್ಣು ಮುಚ್ಚಿತ್ತು.

"ಇನ್ನೊಂದ್ಸಲ ಓಡ್ಸಿ. ಯಂತ್ರಕ್ಕೂ ಒಂದೊಂದ್ಸಲ ಕಣ್ಣು ಮಂಜಾಗುತ್ತೆ."

ಓಡಿಸಿದಳು. ಯಂತ್ರದ ಕಣ್ಣು ಚೆನ್ನಾಗಿಯೇ ಇತ್ತು. ಪಟ್ಟಿಯೇ ಕೆಟ್ಟಿರಬಹುದೆಂದು ಕಪಾಟಿನಿಂದ ಮುದ್ರಿತ ಹಾಳೆ ತೆಗೆದಳು. ಅವನು ಒಂದೊಂದೇ ಅಕ್ಷರ ಓದಿದ, ಅವಳು ಪರದೆಯ ಮೇಲೆ ಬೆರಳಿಟ್ಟು ಸರಿಸಿದಳು. ಅರವತ್ತನಾಲ್ಕೂ ಸರಿ. ಪಟ್ಟಿ ಸಾಚಾ, ಬದಲಾಗಿದ್ದದ್ದು ಹಕ್ಕಿ.

ಅವಳು ಫೈಲಿನ ವಿವರ ತೆಗೆದು ನೋಡಿದಳು. ಕೊನೆಯ ಬಾರಿ ಬದಲಾದ ದಿನ: ಹೋದ ಗುರುವಾರ. ಹೊತ್ತು: ಹನ್ನೊಂದು ನಲವತ್ತು.

ಇಬ್ಬರೂ ಮುಖ ಮುಖ ನೋಡಿಕೊಂಡರು. ಗುರುವಾರ ಹನ್ನೊಂದೂವರೆಗೆ ಇಲ್ಲಿಗೆ ಬರುವವರು ಜಗತ್ತಿನಲ್ಲಿ ಒಬ್ಬರೇ.

ಸೋದರಮಾವ.

ಇಪ್ಪತ್ತೆಂಟು ವರ್ಷ ಇದೇ ರೇಡಿಯೊದಲ್ಲಿ ದನಿ ಅನುಕರಣೆ ಮಾಡಿ ನಿವೃತ್ತರಾದ ಮಾವನ ಗಂಟಲಲ್ಲಿ ಉಗಿಬಂಡಿ, ಒಡೆದ ನಲ್ಲಿ, ಮೂವರು ಮಂತ್ರಿಗಳು ಮತ್ತು ಅಸಂಖ್ಯಾತ ಹಕ್ಕಿಗಳು ಬಾಡಿಗೆಗಿದ್ದವು. ನಿರ್ದೇಶಕರ ದನಿಯಲ್ಲಿ ಫೋನು ಮಾಡಿ ಇಡೀ ಕಚೇರಿಗೆ ಅರ್ಧ ದಿನ ರಜೆ ಕೊಡಿಸಿದ ಖ್ಯಾತಿಯೂ ಅವರದೇ. ಗುರುವಾರ ಗುರುವಾರ ಬಂದು ಮೂಲೆಯ ಹಳೇ ಕಂಪ್ಯೂಟರಿನಲ್ಲಿ ಕೂತು ಹಕ್ಕಿ ಕೇಳಿ ಹೋಗುತ್ತಿದ್ದರು. ಅದು ಯಾರಿಗೂ ತೊಂದರೆಯಾಗಿರಲಿಲ್ಲ. ತೊಂದರೆಯಾದದ್ದು ಮೂರು ತಿಂಗಳ ಹಿಂದಿನ ಒಂದು ಬೀಳ್ಕೊಡುಗೆಯ ಟೀಯಲ್ಲಿ ಅವರು ಬಿಟ್ಟ ಬಾಣ: "ನಿಮ್ಮ ಆ ಬೂದುಗೊರಳು ಇದೆಯಲ್ಲ, ಅದನ್ನ ಹೋದ ವರ್ಷವೇ ಕಂಪ್ಯೂಟರಿಂದ ತೆಗೆದು ನನ್ನ ಶಿಳ್ಳೆ ಕೂರಿಸಿದೀನಿ. ನಿಮ್ಮ ಟೇಪಿಗೆ ನನ್ನ ತೇಪೆ! ಯಾವ ಪಂಡಿತನಿಗೂ ಗೊತ್ತಾಗ್ಲಿಲ್ಲ." ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಒಬ್ಬರು ನಕ್ಕಿರಲಿಲ್ಲ: ಪ್ರೊಫೆಸರಮ್ಮ.

ಹನ್ನೊಂದೂವರೆಗೆ ಬಾಗಿಲಲ್ಲಿ ಉಗಿಬಂಡಿ ಕೂಗಿತು. ಹಿಂದೆಯೇ ಮಾವ ತಲೆ ತಗ್ಗಿಸಿಕೊಂಡು ಒಳಗೆ ಬಂದರು.

"ಏನೇ, ಇಬ್ರೂ ಸಾವಿನ ಮನೆಯವರ ಹಾಗೆ ಕೂತಿದೀರಿ?"

"ಮಾವ, ಹೋದ ವಾರ ಬೂದುಗೊರಳಿಗೆ ಏನ್ ಮಾಡಿದ್ರಿ?"

"ಏನ್ ಮಾಡೋದು? ಕೇಳ್ದೆ."

"ಕೇಳಿದ್ರೆ ಫೈಲು ಬದಲಾಗಲ್ಲ. ಟೀ ದಿನ ಹೇಳಿದ್ರಲ್ಲ, ಅದು ನಿಜಾನಾ?"

ಮಾವ ಬಾಯಿ ತೆರೆದರು. ಅಷ್ಟರಲ್ಲಿ ಅವರ ಹಿಂದೆ ಯಾರೋ ಕೆಮ್ಮಿದರು. ಮೂರು ಗಂಟೆಗೆ ಬರಬೇಕಾದ ಪ್ರೊಫೆಸರಮ್ಮ ಬೇಗನೆ ಬಂದು ಬಾಗಿಲಲ್ಲೇ ನಿಂತಿದ್ದರು.

"ನಾನೂ ಅದನ್ನೇ ಕೇಳ್ಬೇಕು ಅಂತಿದ್ದೆ" ಎಂದರು ಅವರು.

ಪ್ರೇಕ್ಷಕರು ಬಂದ ಮೇಲೆ ಮಾವನನ್ನು ಹಿಡಿಯುವವರುಂಟೇ? ತೆರೆದ ಬಾಯಿ ಬೇರೆಯೇ ಮಾತಿಗೆ ತಿರುಗಿಕೊಂಡಿತು. "ನೀವು ಹಕ್ಕಿ ಪಂಡಿತರಲ್ವಾ ಮೇಡಂ, ನೀವೇ ಕೇಳಿ ಹೇಳಿ. ಅದು ಹಕ್ಕಿಯೋ, ನಾನೋ?"

ಹೆಡ್‌ಫೋನು ತನ್ನ ಕತ್ತಿನ ಆಭರಣ ಕಳಚಿಕೊಟ್ಟ. ಪ್ರೊಫೆಸರಮ್ಮ ಕಣ್ಣು ಮುಚ್ಚಿ ಕೇಳಿದರು. ನಲವತ್ತು ಸೆಕೆಂಡಿನ ಕೂಗು: ಏರುವ ಒಂದು ತಿರುವು, ಇಳಿಯುವ ಒಂದು ತಿರುವು, ಆಮೇಲೆ ನೀರೊಳಗಿಂದ ಬಂದಂತೆ ಒದ್ದೆಯಾದ ಮೂರನೆಯದು. ಮತ್ತೆ ಕೇಳಿದರು. ಕೊನೆಗೆ ಹೆಡ್‌ಫೋನ್ ಕೆಳಗಿಟ್ಟರು.

"ನನಗೆ ಹೇಳೋಕಾಗಲ್ಲ. ನನ್ನ ಕಿವಿಗೆ ಹಕ್ಕಿ ಅಂತಲೇ ಕೇಳುತ್ತೆ. ಆದ್ರೆ ನಿಮ್ಮ ಹಕ್ಕಿಗಳೆಲ್ಲ ಹಾಗೇ ಕೇಳ್ತವೆ." ಅವರು ಪಟ್ಟಿ ಮೇಡಂ ಕಡೆ ತಿರುಗಿದರು. "ಸಾಲು ತಾಳೆಯಾಗಿದ್ರೆ ಟೀ ಮಾತು ಬರೀ ಮಾತು ಅಂತಿದ್ದೆ. ಈಗ ಇದನ್ನ ಹಕ್ಕಿ ಅಂತ ಒಳಗೆ ಸೇರಿಸಿದ್ರೆ, ನಾಳೆ ಮಕ್ಕಳು ನಿಮ್ಮ ಮಾವನ ಶಿಳ್ಳೆ ಕಲಿತು ಬೂದುಗೊರಳು ಅಂದ್ಕೋತಾರೆ. ನಾನೂರ ಹನ್ನೊಂದನ್ನ ಒಯ್ತೀನಿ. ಇದು ಇಲ್ಲೇ ಇರಲಿ."

ಹಾಗಂದರೆ ಬೂದುಗೊರಳು ಎರಡನೇ ಸಲ ಇಲ್ಲವಾದ ಹಾಗೆ. ಮೊದಲ ಸಲ ಕಾರಣ ಯಾರೋ ಏನೋ. ಈ ಸಲ ತನ್ನ ಮಾವ. ಪಟ್ಟಿ ಮೇಡಂ ಮಾವನ ಮುಖ ನೋಡಿದಳು. ಅಲ್ಲಿ ನಗೆ ಇನ್ನೂ ಇತ್ತು, ಆದರೆ ಅಂಗಡಿ ಮುಚ್ಚಿದ ಮೇಲೂ ಆರಿಸಲು ಮರೆತ ದೀಪದ ಹಾಗಿತ್ತು.

"ಒಂದರ್ಧ ಗಂಟೆ ಕೊಡಿ ಮೇಡಂ" ಎಂದಳು.

ಅವಳಿಗೆ ಒಂದು ವಿಷಯ ಅಂಗಿಯೊಳಗಿನ ಹುಲ್ಲುಕಡ್ಡಿಯಂತೆ ಚುಚ್ಚುತ್ತಿತ್ತು. ಮುದ್ರಿತ ಹಾಳೆಯಲ್ಲಿ ಫೈಲಿನ ಗಾತ್ರವನ್ನೂ ಬರೆದಿಟ್ಟಿದ್ದಳು. ಇವತ್ತಿನ ಗಾತ್ರವೂ ಅಷ್ಟೇ. ಒಂದು ಬೈಟು ಹೆಚ್ಚಿಲ್ಲ, ಒಂದು ಬೈಟು ಕಡಿಮೆಯಿಲ್ಲ.

"ಇದು ಜಾಗ ಉಳಿಸೋಕೆ ಹಿಂಡಿ ಮಡಚಿಟ್ಟ ದನಿ ಅಲ್ವಾ?" ಎಂದು ಹೆಡ್‌ಫೋನನ್ನು ಕೇಳಿದಳು. "ಬೇರೆ ಶಿಳ್ಳೆ ಹಾಕಿದ್ರೆ ಗಾತ್ರ ಇಷ್ಟೇ ಬರುತ್ತಾ?"

ಅವನು ತಲೆ ಕೆರೆದುಕೊಂಡ. "ಸಾಧ್ಯಾನೇ ಇಲ್ಲ. ಒಂದೇ ಶಿಳ್ಳೆ ಎರಡು ಸಲ ಹೊಡೆದ್ರೂ ಬೇರೆ ಬೇರೆ ಗಾತ್ರ ಬರುತ್ತೆ."

"ಹಾಗಾದ್ರೆ ಗಾತ್ರ ಕದಲದ ಹಾಗೆ ಬದಲಾಗೋ ಜಾಗ ಯಾವುದು?"

ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹಳೆಯ ಟೇಪಿನ ತುದಿಯಲ್ಲಿ ದನಿಯೇ ಇಲ್ಲದ ಒಂದು ಗೇಣು ಬಿಳಿ ಪಟ್ಟಿ ಇರುತ್ತಿತ್ತು. ಬೇಕಾದವರು ಅದರ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಈ ಫೈಲುಗಳ ತಲೆಭಾಗದಲ್ಲೂ ಅಂಥದ್ದೇ ಖಾಲಿ ಜಾಗ ಬಿಟ್ಟಿರುತ್ತದೆ. ಅಲ್ಲಿ ಬರೆದರೆ ಖಾಲಿ ಜಾಗ ಕಡಿಮೆಯಾಗುತ್ತದೆಯೇ ಹೊರತು ಫೈಲು ಬೆಳೆಯುವುದಿಲ್ಲ.

ತಲೆಭಾಗ ತೋರಿಸುವ ಕಮಾಂಡು ಕೊಟ್ಟಳು. ಪರದೆ ತುಂಬಿತು. ಟಿಪ್ಪಣಿಯ ಜಾಗದಲ್ಲಿ ಸಾಲು ಸಾಲು ತಾರೀಕು. ಎಲ್ಲವೂ ಗುರುವಾರ.

ಅವಳು ಓದಿಕೊಂಡಳು. ಗಟ್ಟಿಯಾಗಿ ಓದಲಿಲ್ಲ. ಆಮೇಲೆ ಕುರ್ಚಿ ತಿರುಗಿಸಿದಳು. "ಮಾವ, ಟೇಪ್ ಡಬ್ಬಿ ಕಾರ್ಡು ಇತ್ತಲ್ಲ, ಅದರ ನಿಯಮ ಏನು?"

ಆ ದನಿಭಂಡಾರದಲ್ಲಿ ಎಲ್ಲರಿಗೂ ಗೊತ್ತಿದ್ದ ನಿಯಮ ಅದು. ಪ್ರತಿ ಡಬ್ಬಿಯ ಮುಚ್ಚಳದೊಳಗೆ ಒಂದು ಕಾರ್ಡು. ಟೇಪು ಕೇಳಿದವರು ತಾರೀಕು ಹಾಕಿ, ಕೇಳಿದ್ದು ಹೇಗಿತ್ತೆಂದು ಒಂದು ಸಾಲು ಬರೆದು, ರುಜು ಮಾಡಿಯೇ ಡಬ್ಬಿ ಮುಚ್ಚಬೇಕು.

"ಕೇಳಿದ್ಮೇಲೆ ಬರೀಬೇಕು" ಎಂದರು ಮಾವ. "ಡಬ್ಬಿ ಇಲ್ವಲ್ಲ ಈಗ. ಆ ಕಂಪ್ಯೂಟರಲ್ಲಿ 'ಟಿಪ್ಪಣಿ' ಅಂತ ಒಂದು ಚೌಕ ಇತ್ತು. ಅದೇ ಕಾರ್ಡು ಅಂದ್ಕೊಂಡೆ." ಅವರು ಪರದೆಯ ಕಡೆ ನೋಡಿ ಬೆಪ್ಪಾದರು. "ಅದು ಹಕ್ಕಿ ಒಳಗೇ ಹೋಗಿ ಕೂರುತ್ತೆ ಅಂತ ಯಾರಿಗ್ ಗೊತ್ತು!"

ಹೆಡ್‌ಫೋನು ಹಣೆ ಹಣೆ ಚಚ್ಚಿಕೊಂಡ. "ಆ ಮೆಷಿನ್ನಿಗೆ ಓದೋಕೆ ಮಾತ್ರ ಬಿಡಿ ಅಂದಿದ್ರು. ನಾನು ಬರೆಯೋಕೂ ಬಿಟ್ಟಿದೀನಿ. ನನ್ನ ತಲೆಗೊಂದು FAILED ಹಾಕಿ."

"ಏನು ಬರೆದಿದಾರೆ?" ಎಂದರು ಪ್ರೊಫೆಸರಮ್ಮ.

ಪಟ್ಟಿ ಮೇಡಂ ಮಾವನ ಕಡೆ ನೋಡಿದಳು. ಅದು ಅವರ ಕಾರ್ಡು. ಮಾವ ಕನ್ನಡಕ ಏರಿಸಿ, ಮಂತ್ರಿಯ ದನಿಯಲ್ಲೂ ಅಲ್ಲ, ನಿರ್ದೇಶಕರ ದನಿಯಲ್ಲೂ ಅಲ್ಲ, ಯಾರದೂ ಅಲ್ಲದ ಸ್ವಲ್ಪ ಗೊಗ್ಗರು ದನಿಯಲ್ಲಿ ಓದಿದರು. ಅದು ಅವರ ಸ್ವಂತದ್ದೆಂದು ಅವಳಿಗೆ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

"'ಕೇಳಿದೆ. ಮೂರನೇ ತಿರುವು ಇವತ್ತೂ ಸಿಗಲಿಲ್ಲ.' 'ಕೇಳಿದೆ. ನಾಲಿಗೆ ಮಡಚಿ ನೋಡಿದೆ, ಇಲ್ಲ.' 'ಕೇಳಿದೆ. ಬಾಯಲ್ಲಿ ನೀರಿಟ್ಟುಕೊಂಡು ನೋಡಿದೆ, ಅಂಗಿ ಒದ್ದೆ.'" ಅವರು ನಿಲ್ಲಿಸಿ, ಕೊನೆಯದಕ್ಕೆ ಬಂದರು. "'ಕೇಳಿದೆ. ಟೀ ಹೊತ್ತಲ್ಲಿ ಹೇಳಿದ್ದು ಸುಳ್ಳು. ಇದು ಹಕ್ಕಿಯೇ. ನನಗೆ ಬರದೇ ಇರೋದು ಇದೊಂದೇ.'"

ಯಾರೂ ನಗಲಿಲ್ಲ. ಪ್ರೊಫೆಸರಮ್ಮ ನಿಧಾನವಾಗಿ ಹೇಳಿದರು: "ನಂಬ್ತೀನಿ. ಆದ್ರೆ ನಾನು ನಂಬೋದು ಸಾಲದು. ತಾಳೆ ಆಗ್ಬೇಕು."

"ಬರೆದದ್ದು ಮಾತ್ರ ಬದಲಾಗಿದ್ರೆ," ಎಂದಳು ಪಟ್ಟಿ ಮೇಡಂ, "ಬರೆದದ್ದನ್ನ ತೆಗೆದ್ರೆ ಹಳೇ ಸಾಲೇ ಬರ್ಬೇಕು. ದನಿಯಲ್ಲಿ ಒಂದು ಉಸಿರು ಬೇರೆ ಇದ್ರೂ ಬರಲ್ಲ."

ಮೂಲವನ್ನು ಮುಟ್ಟದೆ ಅದರ ನಕಲು ಮಾಡಿಕೊಂಡಳು. ನಕಲಿನ ತಲೆಯಿಂದ ಟಿಪ್ಪಣಿ ಅಳಿಸಿ, ಹೊಸದಾಗಿ ಗುರುತಿನ ಸಾಲು ತೆಗೆದಳು. ನಾಲ್ಕು ತಲೆಗಳು ಹಾಳೆಯ ಮೇಲೆ ಬಾಗಿದವು.

ಮೊದಲಕ್ಷರವೇ ಬೇರೆ.

ಮಾವ ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕೂತರು. "ನಾನೇನೂ ಮಾಡಿಲ್ಲ ಕಣೇ. ಆಣೆಗೂ."

ಅವಳು ತಲೆಭಾಗವನ್ನು ಮತ್ತೆ ತೆರೆದು ಹೆಸರು, ಜಾಗ, ತಾರೀಕು, ಮೈಕಿನ ವಿವರ ಎಲ್ಲವನ್ನೂ ಬೆರಳಿಟ್ಟು ಓದಿದಳು. ಎಲ್ಲವೂ ಅವಳೇ ಬರೆದದ್ದು. ತುದಿಯ ಒಂದು ಸಾಲಿಗೆ ಬಂದಾಗ ಬೆರಳು ನಿಂತಿತು. ಅದು ಅವಳದಲ್ಲ.

"ಮಾವ, ನಕ್ಷತ್ರ ಒತ್ತಿದ್ರಾ?"

"ಯಾವ ನಕ್ಷತ್ರ?"

"ಟಿಪ್ಪಣಿ ಚೌಕದ ಪಕ್ಕ. ಐದು ನಕ್ಷತ್ರ."

ಮಾವನ ಕಿವಿ ಕೆಂಪಾದವು. "ಅದಾ? ಅಂಕ ಕೊಡಿ ಅಂತ ಕೇಳ್ತು. ಐದಕ್ಕೆ ಐದು ಕೊಟ್ಟೆ."

"ನೀವು!" ಎಂದ ಹೆಡ್‌ಫೋನು. "ಮೂವತ್ತು ವರ್ಷ ಪರಿಚಯ, ನನಗೆ ಮೂರರ ಮೇಲೆ ಕೊಟ್ಟಿಲ್ಲ!"

ಅಂಕದ ಸಾಲನ್ನೂ ಅಳಿಸಿದಳು. ಮತ್ತೆ ಕಮಾಂಡು ಕೊಟ್ಟಳು. ಈ ಸಲ ಪ್ರೊಫೆಸರಮ್ಮನೇ ಹಾಳೆ ಎತ್ತಿಕೊಂಡು ಓದಿದರು, ನಿಧಾನವಾಗಿ, ಒಂದೊಂದೇ ಅಕ್ಷರ. ಹತ್ತು ದಾಟಿತು. ಮೂವತ್ತು ದಾಟಿತು. ಅರವತ್ತಮೂರು. ಅರವತ್ತನಾಲ್ಕು.

"ಸರಿ" ಎಂದರು ಪ್ರೊಫೆಸರಮ್ಮ. ಅಷ್ಟೇ. ಆಮೇಲೆ ಹಾಳೆ ಕೆಳಗಿಟ್ಟು ಮಾವನ ಕಡೆ ತಿರುಗಿದರು. "ಎಷ್ಟು ಬರುತ್ತೋ ಅಷ್ಟು ಒಂದ್ಸಲ ಕೇಳಿಸ್ತೀರಾ?"

ಮಾವ ತುಟಿ ಒದ್ದೆ ಮಾಡಿಕೊಂಡರು. ಮೊದಲ ತಿರುವು ಏರಿತು. ಎರಡನೆಯದು ಇಳಿಯಿತು. ಕಿಟಕಿಯಾಚೆ ಯಾವುದೋ ಗುಬ್ಬಿ ಸುಮ್ಮನಾಯಿತು. ಮೂರನೆಯದು ಅರ್ಧಕ್ಕೆ ಬಂದು, ತುಂಬದ ಬಾಟಲಿಯ ಹಾಗೆ ಗೊಳಕ್ಕೆಂದಿತು.

"ಇಷ್ಟೇ ಮೇಡಂ" ಎಂದರು.

"ಮೂರನೆಯದನ್ನ ಹಕ್ಕಿ ಹೇಗೆ ಮಾಡುತ್ತೆ ಅಂತ ನಮಗೂ ಗೊತ್ತಿಲ್ಲ" ಎಂದು ಪ್ರೊಫೆಸರಮ್ಮ ಕುರ್ಚಿ ಎಳೆದು ಕೂತರು. "ನಾಲಿಗೆ ಮಡಚಿದೆ ಅಂದ್ರಲ್ಲ, ಹೇಗೆ ಮಡಚಿದ್ರಿ?"

ಅವರಿಬ್ಬರ ನಾಲಿಗೆ ಕವಾಯತು ನಡೆಯುತ್ತಿದ್ದಾಗ ಪಟ್ಟಿ ಮೇಡಂ ತನ್ನ ಕೆಲಸ ಮುಗಿಸಿದಳು. ಹಕ್ಕಿ ಮೊದಲಿನ ಹಕ್ಕಿಯಾಗಿ ತನ್ನ ಜಾಗಕ್ಕೆ ಹೋಯಿತು. ಮಾವನ ಟಿಪ್ಪಣಿಯನ್ನು ಬೇರೆಯೇ ಒಂದು ಫೈಲಾಗಿ ಉಳಿಸಿ, ಅದಕ್ಕೂ ಸಾಲು ತೆಗೆದು, ಪಟ್ಟಿಯ ಕೊನೆಗೆ ಸೇರಿಸಿದಳು. ಕಮಾಂಡು ಮತ್ತೆ ಓಡಿತು. ನಾನೂರ ಹದಿಮೂರು OK.

ಮಾವ ಎದ್ದು ಬಂದು ಅವಳ ಹೆಗಲ ಮೇಲಿಂದ ಇಣುಕಿದರು. ಕೈ ಮೆಲ್ಲಗೆ ಕೀಬೋರ್ಡಿನ ಕಡೆ ಹೊರಟಿತ್ತು.

"ಏನ್ ಮಾವ?"

"ಇವತ್ತೂ ಕೇಳಿದೆನಲ್ಲ. ತಾರೀಕು ಹಾಕಿ ರುಜು ಮಾಡ್ಬೇಕು."

ಅವಳು ಅವರ ಕೈಯನ್ನು ಗಾಳಿಯಲ್ಲೇ ಹಿಡಿದಳು. ಇನ್ನೊಂದು ಕೈಯಿಂದ ಡ್ರಾಯರು ಎಳೆದು, ಹಳೇ ಟೇಪು ಡಬ್ಬಿಯ ಒಂದು ಖಾಲಿ ಕಾರ್ಡು ಹುಡುಕಿ, ಪೆನ್ನಿನ ಜೊತೆ ಅವರ ಮುಂದಿಟ್ಟಳು.