ಬೆಳ್ಳಿಯ ಉಪ್ಪಿನ ಬಟ್ಟಲು

ಉಪ್ಪಿನ ಬಟ್ಟಲು ಅದರ ಜಾಗದಲ್ಲಿರಲಿಲ್ಲ. ತನ್ನ ತಟ್ಟೆಗೂ ಹೆಂಡತಿ ಶಿಫ್ರಾಳ ತಟ್ಟೆಗೂ ನಡುವೆ ಬರೀ ಮೇಜುವಸ್ತ್ರ. ಬೆಳಬೆಳಿಗ್ಗೆಯೇ ಅವಿಗ್ದೋರ್‌ಗೆ ಮೈ ಉರಿಯಿತು. ಕಪಾಟಿನಿಂದ ಬಟ್ಟಲು ತಂದು, ಅಂಗಿಯ ತೋಳಿನಿಂದ ಉಜ್ಜಿ, ಸರಿಯಾಗಿ ನಡುವೆ ಇಟ್ಟ.

ಮುಟ್ಟಾದ ಹೆಂಡತಿ ಕೊಳದಲ್ಲಿ ಮಿಂದು ಶುದ್ಧಳಾಗುವವರೆಗಿನ ದೂರದ ದಿನಗಳಲ್ಲಿ ಅವಳನ್ನು ಮುಟ್ಟಬಾರದು, ಕೈಯಿಂದ ಕೈಗೆ ಏನನ್ನೂ ಕೊಡಬಾರದು. ಮರೆಯದಿರಲೆಂದು ಇಬ್ಬರ ತಟ್ಟೆಗಳ ನಡುವೆ ಏನಾದರೊಂದು ಗುರುತು ಇರಬೇಕು. ಜೆರುಸಲೇಮಿನ ಈ ಓಣಿಯ ಉಳಿದ ಮನೆಗಳಿಗೆ ಒಂದು ಬಾಟಲಿಯೋ ಬೀಗದ ಕೈಯೋ ಸಾಕು. ಅವಿಗ್ದೋರ್ ಬೆಳ್ಳಿಯ ಬಟ್ಟಲನ್ನೇ ತಂದಿದ್ದ. ದೇವರು ಮಾಡು ಎಂದ ಆಜ್ಞೆಯನ್ನು ಎಲ್ಲರೂ ಸಿಂಗರಿಸುತ್ತಾರೆ. ಮಾಡಬೇಡ ಎಂದದ್ದನ್ನೂ ಅಷ್ಟೇ ಪ್ರೀತಿಸಬೇಕೆಂಬುದು ಅವನ ಹಟ. ಇವತ್ತು ಅವನು ಹೇಳಬೇಕಿದ್ದ ಪಾಠವೂ ಅದೇ.

ಶಿಫ್ರಾ ಕಾಫಿ ತಂದಳು. ತಲೆಗೆ ಹೊಸ ವಸ್ತ್ರ ಕಟ್ಟಿದ್ದಳು. ಲೋಟವನ್ನು ಮೇಜಿನ ಮೇಲಿಡದೆ ಅವನತ್ತ ಚಾಚಿದಳು. ಅವನು ಬೆಂಕಿ ಮುಟ್ಟಿದವನಂತೆ ಕೈ ಹಿಂದಕ್ಕೆಳೆದುಕೊಂಡ.

"ಜ್ಞಾನ ಎಲ್ಲಿದೆ ನಿಂಗೆ? ಕೆಳಗಿಡು."

"ಕೆಳಗಿಡ್ಲಾ?"

"ಮತ್ತೆ? ಬಟ್ಟಲು ಬೇರೆ ಎತ್ತಿಟ್ಟಿದ್ದೀಯ."

"ಹೌದು. ಎತ್ತಿಟ್ಟಿದ್ದೆ."

ಅವಳು ಬಟ್ಟಲನ್ನು ನೋಡಿದಳು. ಲೋಟ ಕೆಳಗಿಟ್ಟಳು.

"ಚೆನ್ನಾಗಿ ಉಜ್ಜಿದ್ದೀರಿ," ಎಂದು ಒಳಗೆ ಹೋದಳು.

ಪ್ರಾರ್ಥನಾಮಂದಿರಕ್ಕೆ ಅವನ ಪಾಠ ಕೇಳಲು ಬರುವವರೆಲ್ಲ ಮುದುಕರು. ಅವರಲ್ಲಿ ಗಡಿಯಾರ ರಿಪೇರಿಯ ಬೆರೆಲ್ ತಂಟೆಕೋರ. ಅವಿಗ್ದೋರ್ ಇನ್ನೂ ಪೀಠಿಕೆಯಲ್ಲಿದ್ದ, ಅಷ್ಟರಲ್ಲೇ ಬೆರೆಲ್ ಬಾಯಿ ಹಾಕಿದ.

"ರಬ್ಬೀ, ಬಾಗಿಲಲ್ಲಿ ದೇವರ ಮಾತು ಬರೆದಿಟ್ಟ ಮೆಜೂಜಾಗೆ ಹೋಗ್ತಾ ಬರ್ತಾ ಮುತ್ತು ಕೊಡ್ತೀವಿ. ಬೇಡ ಅಂದಿದ್ದಕ್ಕೆ ಎಲ್ಲಿ ಅಂತ ಮುತ್ತು ಕೊಡೋದು?"

ಎಲ್ಲರೂ ನಕ್ಕರು.

"ಅದಕ್ಕೂ ಒಡವೆ ಮಾಡಿಸಬಹುದು," ಎಂದ ಅವಿಗ್ದೋರ್ ಬಿಗಿಯಾಗಿ.

"ಒಡವೆ ಹಾಳಾಗ್ಲಿ. ಪೆಸಹ್ ಹಬ್ಬದ ಏಳು ದಿನ ಬ್ರೆಡ್ ಮುಟ್ಟಲ್ಲ ನಾನು. ಮುಗಿದ ಸಂಜೆ ಬೇಕರಿ ಬಾಗಿಲಲ್ಲಿ ಮೊದಲು ನಿಲ್ಲೋನೂ ನಾನೇ. ಒಂದೊಂದು ದಿನಾನೂ ಎಣಿಸಿರ್ತೀನಿ. ಅದೇ ನನ್ನ ಮುತ್ತು. ಆಸೇನೇ ಇಲ್ದೋನು ಬಿಟ್ಟಿದ್ದಾದ್ರೂ ಏನ್ರೀ?"

ಉತ್ತರ ಬಾಯಲ್ಲಿ ಸಿದ್ಧವಿತ್ತು. ಆದರೆ ಎಣಿಸೋದು ಎಂಬ ಮಾತು ಅಡ್ಡ ಬಂತು. ಮೇಜಿನ ಕೆಳಗೆ ಬೆರಳು ಮಡಚಿದ. ಮುಟ್ಟಿನ ಐದು. ಅದರ ಮೇಲೆ ಶುದ್ಧಿಯ ಏಳು. ಹನ್ನೆರಡು ನಿನ್ನೆಗೇ ತುಂಬಿತ್ತು.

ನಿನ್ನೆ ಸಂಜೆ ಅವಳು ಟವೆಲಿನ ಚೀಲ ಹಿಡಿದು ಹೊರಟಿದ್ದಳು. ಅವನು ಪುಸ್ತಕದಿಂದ ತಲೆಯೆತ್ತದೆ, "ಬಾಗಿಲು ಎಳ್ಕೊಂಡು ಹೋಗು," ಎಂದಿದ್ದ. ಅವಳು ಸ್ನಾನದ ಕೊಳದಲ್ಲಿ ಮುಳುಗಿ ಶುದ್ಧಳಾಗಿ ಬರುವಷ್ಟರಲ್ಲಿ ಅವನು ಇದೇ ಪಾಠದ ಟಿಪ್ಪಣಿಯ ಮೇಲೆ ಗೊರಕೆ ಹೊಡೆಯುತ್ತಿದ್ದ.

ಥೂ, ಎನಿಸಿತು. ಮರುಕ್ಷಣವೇ ಸಿಟ್ಟು, ಅದೂ ಅವಳ ಮೇಲೆ. ಬಾಯಿಬಿಟ್ಟು ಹೇಳಬಾರದಿತ್ತೇ?

ಮಧ್ಯಾಹ್ನ ಮನೆಗೆ ಬಂದಾಗ ಶಿಫ್ರಾ ಸೂಪು ಕುಡಿಯುತ್ತಿದ್ದಳು. ಬಟ್ಟಲು ಅವನಿಟ್ಟಲ್ಲೇ ಇತ್ತು.

"ನಿನ್ನೆ ಹೋಗಿದ್ಯಾ?"

"ಎಲ್ಲಿಗೆ?"

"ಗೊತ್ತಲ್ಲ."

"ಗೊತ್ತಿದ್ದೋರು ಕೇಳ್ತಾರಾ? ಸೂಪು ಆರುತ್ತೆ."

ಅವನು ಬಟ್ಟಲನ್ನೆತ್ತಿ ಕಿಟಕಿಯ ಬಳಿ ಇಟ್ಟ. ಕೈ ಚಾಚಿದ.

"ನೀರು ಕೊಡು. ಕೈಗೇ ಕೊಡು."

ಶಿಫ್ರಾ ಆ ಕೈಯನ್ನು ನೋಡಿದಳು. ಲೋಟಕ್ಕೆ ನೀರು ಬಗ್ಗಿಸಿ ಮೇಜಿನ ಮೇಲಿಟ್ಟಳು. ಎದ್ದು ಹೋಗಿ ಬಟ್ಟಲನ್ನು ತಂದಳು. ತನ್ನ ತೋಳಿನಿಂದ ಉಜ್ಜಿ, ಸರಿಯಾಗಿ ನಡುವೆ ಇಟ್ಟಳು.

"ಇರ್ಲಿ ಬಿಡಿ. ನಂಗೂ ರೂಢಿಯಾಗಿದೆ."

ಅವನು ಕೈ ತೊಳೆದು ಬಂದ. ಮಂತ್ರ ಹೇಳಿ ಬ್ರೆಡ್ ಮುರಿದ. ಮೊದಲ ತುತ್ತನ್ನು ಉಪ್ಪಿಗೆ ಅದ್ದಬೇಕು. ಅಡುಗೆಮನೆಯ ಉಪ್ಪಿನ ಡಬ್ಬಿ ಅವಳ ಮೊಣಕೈ ಬಳಿ ಇತ್ತು. ಅವಳು ಅದನ್ನು ಸರಿಸಲಿಲ್ಲ. ಅವನು ಬೆಳ್ಳಿಯ ಮುಚ್ಚಳ ತೆಗೆದು ಬ್ರೆಡ್ಡನ್ನು ಒಳಗೆ ಅದ್ದಿದ. ಉಗುರು ಖಾಲಿ ತಳಕ್ಕೆ ಟಕ್ಕೆಂದು ತಾಗಿತು. ಉಪ್ಪು ತಾಗಿದರೆ ಬೆಳ್ಳಿ ಕಪ್ಪಾಗುತ್ತದೆಂದು ಅದಕ್ಕೆ ಅವನು ಯಾವತ್ತೂ ಉಪ್ಪು ಹಾಕಗೊಟ್ಟಿರಲಿಲ್ಲ.